ದೊಡ್ಡಪತ್ರೆಯ ಎಲೆಯೊಳಗೆ ಏನಿದೆ?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳೆಲ್ಲರೂ ಹಿಂಬಾಗಿಲ ಮೆಟ್ಟಿಲಿನ ಪಕ್ಕದಲ್ಲಿರುವ ಶೇಂಗಾ ಎಣ್ಣೆಯ ಹಳೆಯ ಡಬ್ಬವನ್ನು ನೋಡಿಯೇ ಇರುತ್ತಾರೆ. ಅದರಲ್ಲಿ ಬೆಳೆದಿರುವುದು ದೊಡ್ಡಪತ್ರೆ. ಊರಿಗೆ ಹೋಗಿಬಂದವರೊಬ್ಬರು ಒಂದು ಗೇಣು ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತಂದು ನೆಟ್ಟರು. ಈಗ ಅದು ಡಬ್ಬ ತುಂಬಿ ಹೊರಕ್ಕೆ ಜೋತುಬಿದ್ದಿದೆ. ಪತ್ರಿಕೆ ಓದಲು ಬಂದವರು ಹೋಗುವಾಗ ನಾಲ್ಕೆಲೆ ಚಿವುಟಿಕೊಂಡು ಹೋಗುವುದು ಇಲ್ಲಿಯ ವಾಡಿಕೆಯಾಗಿದೆ. ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ಗಂಟಲಿನ ಕೆರೆತ, ಮತ್ತೊಬ್ಬರಿಗೆ ಭಾನುವಾರದ ತಂಬುಳಿ. ಕೇಳಿದವರಿಗೆ ನಾವು ಇಲ್ಲವೆಂದುದಿಲ್ಲ.

ಹಿಂದೊಂದು ಚಳಿಗಾಲದಲ್ಲಿ ವಿಜಾಪುರದ ಕಡೆಯ ಗೆಳೆಯರೊಬ್ಬರು ವಾರಕ್ಕೆ ಮೂರು ಸಲ ಬಂದು ಎಲೆ ಒಯ್ಯುತ್ತಿದ್ದರು. ಅವರು ಗಿರಣಿಯ ನೂಲಿನ ಖಾತೆಯಲ್ಲಿ ಕೆಲಸ ಮಾಡುವವರು. "ಅಣ್ಣಾರ, ಕೆಮ್ಮು ಬಿಡವಲ್ದು. ಇನ್ನೊಂದೀಟು ಎಲಿ ಕೊಡ್ರಿ, ಕಷಾಯ ಮಾಡ್ಕೋತೀನಿ" ಎನ್ನುತ್ತಿದ್ದರು. ಹತ್ತಿಯ ಧೂಳಿನ ಕೆಮ್ಮು ಎಂದು ಅವರೆಂದರು. ಚಳಿಗಾಲದ ನೆಗಡಿ ಎಂದು ನಾವೆಂದೆವು. ಹೀಗೆ ಎರಡು ತಿಂಗಳು ಕಳೆದವು. ಕಫದಲ್ಲಿ ರಕ್ತದ ಗೆರೆ ಕಂಡಾಗ ಅವರನ್ನು ಆಸ್ಪತ್ರೆಗೆ ಕರೆದೊಯ್ದೆವು. ಕಫ ಪರೀಕ್ಷೆ ಮಾಡಿ ಕ್ಷಯ ಎಂದರು. ಆರು ತಿಂಗಳು ಔಷಧ ತೆಗೆದುಕೊಂಡು ಅವರು ಈಗ ಗುಣವಾಗಿದ್ದಾರೆ, ಕೆಲಸಕ್ಕೂ ಹೋಗುತ್ತಿದ್ದಾರೆ. ಆದರೆ ಆ ಎರಡು ತಿಂಗಳು ಎಲೆ ಚಿವುಟಿ ಕೈಗೆ ಕೊಟ್ಟವರು ನಾವೇ ಎಂಬುದನ್ನು ಮರೆಯಲಾಗುವುದಿಲ್ಲ. ಅವರೊಡನೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಗೆಳೆಯರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಯಿತು.

ಇದಾದ ಮೇಲೆ ವಾಚನಾಲಯದಲ್ಲಿ ಎರಡು ಪಕ್ಷಗಳಾದವು. ಇದೆಲ್ಲ ಅಜ್ಜಿಯರ ನಂಬಿಕೆ, ಎಲೆಯಲ್ಲಿ ಏನೂ ಇಲ್ಲ ಎಂದು ಕೆಲವರು. ನಮ್ಮ ಹಿರಿಯರು ಸುಮ್ಮನೆ ಹೇಳಿಯಾರೆ, ಎಲೆಯಲ್ಲಿ ಕ್ರಿಮಿ ಕೊಲ್ಲುವ ಸತ್ತ್ವ ಇದ್ದೇ ಇದೆ ಎಂದು ಕೆಲವರು. ನಾವು ವೈದ್ಯರಲ್ಲ, ರಸಾಯನಶಾಸ್ತ್ರ ಓದಿದವರೂ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೂ ತಿಳಿದವರನ್ನು ಕೇಳಿ, ಸಿಕ್ಕಿದ್ದನ್ನು ಓದಿ ನೋಡಿದಾಗ ಎರಡೂ ಪಕ್ಷದವರ ಮಾತಿನಲ್ಲಿ ಅರ್ಧರ್ಧ ಸತ್ಯವಿರುವುದು ಕಂಡುಬಂದಿತು. ಆ ಎರಡು ಅರ್ಧಗಳನ್ನು ಕೂಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಹೆಸರುಗಳು ಹೇಳುವ ಮಾತು

ದೊಡ್ಡಪತ್ರೆಗೆ ನಮ್ಮಲ್ಲಿಯೇ ಹಲವು ಹೆಸರುಗಳುಂಟು. ಸಾಂಬಾರಸೊಪ್ಪು, ಸಾಂಬಾರಬಳ್ಳಿ, ಕರ್ಪೂರವಳ್ಳಿ ಎಂದೆಲ್ಲ ಕರೆಯುತ್ತಾರೆ. ಆಲ್ಕಾಪುರಿಯ ನಮ್ಮ ನೆರೆಮನೆಯ ಗುಜರಾತಿ ತಾಯಿಯೊಬ್ಬರು ಡಬ್ಬದಲ್ಲಿನ ಎಲೆಯನ್ನು ಮುರಿದು ಮೂಸಿ, ಇದು 'ಅಜಮಾನಾ ಪಾನ' ಎಂದರು. ಅಂದರೆ ಓಮದ ಎಲೆ. ಅವರು ಅದನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಭಜಿಯಾ ಕರಿಯುತ್ತಾರೆ. ಮರಾಠಿಯವರು ಅದನ್ನು 'ಪಾನ ಓವಾ' ಎನ್ನುತ್ತಾರೆ. ಹಿಂದಿಯವರು 'ಪತ್ತಾ ಅಜವಾಯಿನ್' ಎನ್ನುತ್ತಾರೆ. ಸಂಸ್ಕೃತದಲ್ಲಿಯೂ ಅದಕ್ಕೆ 'ಪರ್ಣಯವಾನೀ' ಎಂಬ ಹೆಸರುಂಟು. ಯವಾನೀ ಎಂದರೆ ಓಮವೇ.

ಇಲ್ಲಿ ಒಂದು ಸೋಜಿಗವಿದೆ. ಓಮ ಕೊತ್ತಂಬರಿ ಜೀರಿಗೆಗಳ ಕುಲದ ಗಿಡ; ಗುಜರಾತ್ ಮತ್ತು ರಾಜಸ್ಥಾನದ ಹೊಲಗಳಲ್ಲಿ ಹೇರಳವಾಗಿ ಬೆಳೆಯುತ್ತದೆ. ದೊಡ್ಡಪತ್ರೆ ತುಲಸಿ ಪುದೀನಗಳ ಕುಲದ್ದು. ಹೂ ಬೇರೆ, ಬೀಜ ಬೇರೆ, ಎಲೆಯ ಆಕಾರ ಬೇರೆ. ಆದರೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಷ್ಟು ಜನ ಎರಡಕ್ಕೂ ಒಂದೇ ಹೆಸರಿನ ನಂಟು ಕಟ್ಟಿದರು. ಅವರೆಲ್ಲರ ಮೂಗು ಒಂದೇ ವಾಸನೆಯನ್ನು ಗುರುತಿಸಿತ್ತು. ರಸಾಯನಶಾಸ್ತ್ರಜ್ಞರು ಬಹುಕಾಲದ ಮೇಲೆ ಪರೀಕ್ಷಿಸಿ, ಆ ಮೂಗುಗಳು ಹೇಳಿದ್ದು ಸರಿ ಎಂದರು. ಎರಡೂ ಗಿಡಗಳು ಮಾಡುವ ಮುಖ್ಯ ಪದಾರ್ಥ ಒಂದೇ ಬಗೆಯದು.

ಶಾಸ್ತ್ರದ ಹೆಸರನ್ನೂ ಹೇಳಿಬಿಡುತ್ತೇವೆ. ಪೋರ್ಚುಗಲ್ ದೇಶದ ಲೊರೇರೋ ಎಂಬ ಪಾದ್ರಿ 1790ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಗಿಡವನ್ನು 'ಕೋಲಿಯಸ್ ಅಂಬಾಯ್ನಿಕಸ್' ಎಂದು ವರ್ಣಿಸಿದರು. ಅಂಬಾಯ್ನಾ ಎಂಬುದು ಇಂದಿನ ಇಂಡೋನೇಷ್ಯಾಕ್ಕೆ ಸೇರಿದ ಒಂದು ದ್ವೀಪ. ನಡುವೆ ಅದನ್ನು 'ಪ್ಲೆಕ್ಟ್ರಾಂಥಸ್' ಎಂಬ ಪಂಗಡಕ್ಕೆ ಸೇರಿಸಿದ್ದರು. 2019ರಲ್ಲಿ ಸಸ್ಯಶಾಸ್ತ್ರಜ್ಞರು ಹಳೆಯ ಹೆಸರಿಗೇ ಮರಳಿದರು. ಔಷಧದ ಡಬ್ಬಿಗಳ ಮೇಲೆ ಎರಡು ಹೆಸರುಗಳಲ್ಲಿ ಯಾವುದು ಕಂಡರೂ ಅದು ನಮ್ಮ ದೊಡ್ಡಪತ್ರೆಯೇ.

ಭಟ್ಟಿಯಲ್ಲಿ ಇಳಿದದ್ದು

ವಡೋದರೆಯಲ್ಲಿ ಅಲೆಂಬಿಕ್ ಎಂಬ ಹೆಸರು ಕೇಳದವರಿಲ್ಲ. 1907ರಲ್ಲಿ ಆರಂಭವಾದ ಆ ಔಷಧದ ಕಾರ್ಖಾನೆಯ ಸ್ಥಾಪಕರಲ್ಲಿ ಒಬ್ಬರು ಪ್ರೊಫೆಸರ್ ತ್ರಿಭುವನದಾಸ ಗಜ್ಜರ್; ಇದೇ ಊರಿನಲ್ಲಿ 1890ರಲ್ಲಿ ಕಲಾಭವನವನ್ನು ಕಟ್ಟಿದವರೂ ಅವರೇ. ಅಲೆಂಬಿಕ್ ಎಂದರೆ ಭಟ್ಟಿ ಇಳಿಸುವ ಪಾತ್ರೆ ಎಂದರ್ಥ. ಎಲೆಯೊಳಗಿನ ಸುವಾಸನೆಯ ಎಣ್ಣೆಯನ್ನು ತೆಗೆಯುವುದು ಅಂಥ ಪಾತ್ರೆಯಿಂದಲೇ. ಎಲೆಯ ಮೂಲಕ ನೀರಿನ ಹಬೆಯನ್ನು ಹಾಯಿಸಿದರೆ ಹಬೆಯೊಡನೆ ಎಣ್ಣೆಯೂ ಮೇಲೇರುತ್ತದೆ. ತಣಿಸಿದಾಗ ನೀರು ಒಂದು ಕಡೆ, ಎಣ್ಣೆ ಒಂದು ಕಡೆ ಬೇರಾಗುತ್ತವೆ.

ದೊಡ್ಡಪತ್ರೆಯ ಎಲೆಯನ್ನು ಬೆರಳಲ್ಲಿ ಸವರಿದರೆ ಮಖಮಲ್ಲಿನಂತೆ ಮೆತ್ತಗಿರುವುದು ಗೊತ್ತಾಗುತ್ತದೆ. ಅದು ಸಣ್ಣ ಸಣ್ಣ ರೋಮಗಳ ಹಾಸು. ಆ ರೋಮಗಳಲ್ಲಿ ಕೆಲವಕ್ಕೆ ತುದಿಯಲ್ಲಿ ಎಣ್ಣೆಯ ಗುಳ್ಳೆಗಳಿರುತ್ತವೆ. ಮುಟ್ಟಿದೊಡನೆ ಅವು ಒಡೆಯುವುದರಿಂದಲೇ ಕೈಗೆ ಘಾಟು ಹತ್ತುವುದು. ಹುಳುಹುಪ್ಪಟೆಗಳು ಮತ್ತು ಬೂಷ್ಟು ತನ್ನನ್ನು ತಿನ್ನದಿರಲೆಂದು ಗಿಡ ಮಾಡಿಕೊಂಡ ಏರ್ಪಾಡು ಅದು. ನಮ್ಮ ನೆಗಡಿಗಾಗಿ ಮಾಡಿದ್ದಲ್ಲ.

ಎಲೆಯ ಬಹುಪಾಲು ನೀರೇ. ಒಂದು ಕಿಲೋ ಹಸಿ ಎಲೆಯನ್ನು ಭಟ್ಟಿಗೆ ಹಾಕಿದರೆ ಕೆಲವೇ ಗ್ರಾಂ ಎಣ್ಣೆ ಸಿಗುತ್ತದೆ. ಆ ಎಣ್ಣೆಯಲ್ಲಿ ಹತ್ತಾರು ಪದಾರ್ಥಗಳಿದ್ದರೂ ಮುಖ್ಯವಾದವು ಎರಡು, ಕಾರ್ವಕ್ರಾಲ್ ಮತ್ತು ಥೈಮಾಲ್. 2010ರಲ್ಲಿ ಪ್ರಕಟವಾದ ತಮಿಳುನಾಡಿನ ಒಂದು ಪರೀಕ್ಷೆಯಲ್ಲಿ ಎಣ್ಣೆಯ 28.65 ಪಾಲು ಕಾರ್ವಕ್ರಾಲ್, 21.66 ಪಾಲು ಥೈಮಾಲ್ ಇದ್ದವು (ನೂರಕ್ಕೆ). ಉಳಿದದ್ದು ಹ್ಯೂಮುಲೀನ್, ಗ್ಯಾಮಾ ಟರ್ಪಿನೀನ್, ಸೈಮೀನ್ ಮುಂತಾದುವು. ಬೇರೆ ಊರಿನ ಗಿಡದಲ್ಲಿ ಈ ಪ್ರಮಾಣ ಬೇರೆ. ಮಣ್ಣು, ಬಿಸಿಲು, ಎಲೆಯ ವಯಸ್ಸು, ಗಿಡದ ತಳಿ, ಇವುಗಳಿಗೆ ತಕ್ಕಂತೆ ಒಂದರಲ್ಲಿ ಕಾರ್ವಕ್ರಾಲ್ ಹೆಚ್ಚು, ಇನ್ನೊಂದರಲ್ಲಿ ಥೈಮಾಲ್ ಹೆಚ್ಚು. ಆದುದರಿಂದ ನಮ್ಮ ಡಬ್ಬದ ಹತ್ತು ಎಲೆಯೂ ಊರಿನ ಹಿತ್ತಿಲಿನ ಹತ್ತು ಎಲೆಯೂ ಒಂದೇ ಮದ್ದು ಎನ್ನುವಂತಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಥೈಮಾಲ್ ನಮಗೆ ಹೊಸದಲ್ಲ. ಗಾಂಧಿಯ ಅಂಗಡಿಯಲ್ಲಿ 'ಓಮದ ಹೂ' ಎಂದು ಬಿಳಿಯ ಹರಳು ಮಾರುತ್ತಾರಲ್ಲ, ಅದೇ ಥೈಮಾಲ್. ಅದರ ಜೊತೆ ಕರ್ಪೂರವನ್ನೂ ಪುದೀನದ ಹೂವನ್ನೂ ಸೇರಿಸಿ ಸೀಸೆಯಲ್ಲಿಟ್ಟರೆ ಮೂರು ಗಟ್ಟಿ ಪದಾರ್ಥಗಳೂ ಕರಗಿ ನೀರಾಗುತ್ತವೆ, ಅದೇ ಅಮೃತಧಾರೆ. ಬಾಯಿ ಮುಕ್ಕಳಿಸುವ ಕೆಲವು ಔಷಧಗಳಲ್ಲಿಯೂ ಥೈಮಾಲ್ ಇರುತ್ತದೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ನಮ್ಮ ದೇಶದ ಓಮ ಹಡಗಿನಲ್ಲಿ ಜರ್ಮನಿಗೆ ಹೋಗಿ, ಅಲ್ಲಿ ಥೈಮಾಲ್ ಆಗಿ ಜಗತ್ತಿಗೆಲ್ಲ ಮಾರಾಟವಾಗುತ್ತಿತ್ತು. 1914ರಲ್ಲಿ ಯುದ್ಧ ಬಂದು ಆ ದಾರಿ ಮುಚ್ಚಿತು.

ಕಾರ್ವಕ್ರಾಲ್ ಮತ್ತು ಥೈಮಾಲ್ ಅವಳಿಗಳಂತೆ. ಎರಡರ ಅಣುವಿನಲ್ಲಿಯೂ ಹತ್ತು ಇಂಗಾಲ, ಹದಿನಾಲ್ಕು ಜಲಜನಕ, ಒಂದು ಆಮ್ಲಜನಕದ ಪರಮಾಣುಗಳಿವೆ. ಆರು ಇಂಗಾಲದ ಪರಮಾಣುಗಳು ಬಳೆಯಂತೆ ಸುತ್ತ ಸೇರಿಕೊಂಡಿರುತ್ತವೆ. ಬಳೆಯ ಒಂದು ಕಡೆ ಒಂದು ಇಂಗಾಲದ ಸಣ್ಣ ತೋಳು, ಎದುರು ಕಡೆ ಮೂರು ಇಂಗಾಲದ ದೊಡ್ಡ ತೋಳು. ಇವಲ್ಲದೆ ಆಮ್ಲಜನಕವೂ ಜಲಜನಕವೂ ಸೇರಿದ ಒಂದು ಕೊಕ್ಕೆ. ಕೊಕ್ಕೆ ದೊಡ್ಡ ತೋಳಿನ ಪಕ್ಕದಲ್ಲಿದ್ದರೆ ಥೈಮಾಲ್, ಸಣ್ಣ ತೋಳಿನ ಪಕ್ಕದಲ್ಲಿದ್ದರೆ ಕಾರ್ವಕ್ರಾಲ್. ಇಷ್ಟೇ ವ್ಯತ್ಯಾಸದಿಂದ ಥೈಮಾಲ್ ಸುಮಾರು 50 ಡಿಗ್ರಿ ಶಾಖದವರೆಗೆ ಗಟ್ಟಿ ಹರಳಾಗಿರುತ್ತದೆ, ಕಾರ್ವಕ್ರಾಲ್ ನಮ್ಮ ಕೋಣೆಯ ಶಾಖದಲ್ಲಿ ದ್ರವವಾಗಿರುತ್ತದೆ. ಆ ಕೊಕ್ಕೆಯನ್ನು ವಾಚಕರು ಗುರುತಿಟ್ಟುಕೊಳ್ಳಲಿ. ಮುಂದಿನ ಕಥೆಯೆಲ್ಲ ಅದರದೇ.

ಕ್ರಿಮಿಯ ಮೇಲೆ ಅದರ ಕೆಲಸ

ಒಂದು ಪದಾರ್ಥ ಕ್ರಿಮಿಯನ್ನು ಕೊಲ್ಲುವುದೋ ಇಲ್ಲವೋ ಎಂದು ನೋಡುವ ಬಗೆ ಸರಳವಾದುದು. ಗಾಜಿನ ಚಪ್ಪಟೆ ತಟ್ಟೆಯಲ್ಲಿ ಅಗರ್ ಎಂಬ ಕಡಲಪಾಚಿಯ ಸಾರವನ್ನು ಗಂಜಿಯಂತೆ ಕಾಸಿ ಹೆಪ್ಪುಗಟ್ಟಿಸಿ ಅದರ ಮೇಲೆ ಕ್ರಿಮಿಗಳನ್ನು ಬಿತ್ತುತ್ತಾರೆ. ನಡುವೆ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನಿಟ್ಟು ಒಂದು ರಾತ್ರಿ ಬೆಚ್ಚಗಿಡುತ್ತಾರೆ. ಬೆಳಿಗ್ಗೆ ತಟ್ಟೆಯ ತುಂಬ ಕ್ರಿಮಿ ಬೆಳೆದು ಮಬ್ಬಾಗಿರುತ್ತದೆ. ಎಣ್ಣೆಗೆ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಬಳೆ ಕಾಣುತ್ತದೆ.

ದೊಡ್ಡಪತ್ರೆಯ ಎಣ್ಣೆಗೆ ಅಂಥ ಬಳೆ ಬರುತ್ತದೆ. ಇದರಲ್ಲಿ ಸಂದೇಹವಿಲ್ಲ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಈ ಎಣ್ಣೆಯನ್ನು ಬೂಷ್ಟುಗಳ ಮೇಲೆ ಪರೀಕ್ಷಿಸಿ, ಅದು ಅವುಗಳ ಬೆಳವಣಿಗೆಯನ್ನು ತಡೆಯುತ್ತದೆಂದು 2009ರಲ್ಲಿ ಪ್ರಕಟಿಸಿದರು. ಅಜ್ಜಿಯರ ಪಕ್ಷದವರಿಗೆ ಸಲ್ಲಬೇಕಾದ ಅರ್ಧ ಸತ್ಯ ಇದು.

ಹೇಗೆ ತಡೆಯುತ್ತದೆ? ಪ್ರತಿಯೊಂದು ಕ್ರಿಮಿಗೂ ಜಿಡ್ಡಿನಿಂದಾದ ತೆಳುವಾದ ಪೊರೆಯುಂಟು. ಒಳಗಿನದು ಹೊರಗೆ ಹೋಗದಂತೆ, ಹೊರಗಿನದು ಒಳಗೆ ಬಾರದಂತೆ ಕಾಯುವುದು ಆ ಪೊರೆ. ಕಾರ್ವಕ್ರಾಲ್ ಮತ್ತು ಥೈಮಾಲ್ ನೀರಿಗಿಂತ ಜಿಡ್ಡಿನಲ್ಲಿ ಸುಲಭವಾಗಿ ಕರಗುವ ಪದಾರ್ಥಗಳಾದುದರಿಂದ ಪೊರೆಯೊಳಗೆ ನುಸುಳಿ ಸೇರಿಕೊಳ್ಳುತ್ತವೆ. ಪೊರೆ ಸಡಿಲಾಗಿ ಸೋರತೊಡಗುತ್ತದೆ. ಒಳಗಿನ ಲವಣಾಂಶ ಹೊರಬೀಳುತ್ತದೆ, ಶಕ್ತಿ ಉತ್ಪಾದನೆ ನಿಲ್ಲುತ್ತದೆ, ಕ್ರಿಮಿ ಸಾಯುತ್ತದೆ.

ಹಾಲೆಂಡಿನ ಸಂಶೋಧಕರು 2002ರಲ್ಲಿ ಒಂದು ಚೊಕ್ಕಟವಾದ ಪರೀಕ್ಷೆಯನ್ನು ಪ್ರಕಟಿಸಿದರು. ತಂಗಳನ್ನದಲ್ಲಿ ಬೆಳೆದು ವಾಂತಿ ಭೇದಿ ತರುವ ಬ್ಯಾಸಿಲಸ್ ಸೀರಿಯಸ್ ಎಂಬ ಕ್ರಿಮಿಯ ಮೇಲೆ ಅವರು ಕಾರ್ವಕ್ರಾಲನ್ನು ಪ್ರಯೋಗಿಸಿದರು. ಹಾಗೆಯೇ ಸೈಮೀನನ್ನೂ ಪ್ರಯೋಗಿಸಿದರು. ಸೈಮೀನ್ ಎಂಬುದು ಅದೇ ಬಳೆ, ಅವೇ ಎರಡು ತೋಳು. ಕೊಕ್ಕೆ ಮಾತ್ರ ಇಲ್ಲ. ಕಾರ್ವಕ್ರಾಲ್ ಕ್ರಿಮಿಯನ್ನು ಕೊಂದಿತು, ಸೈಮೀನ್ ಕೊಲ್ಲಲಿಲ್ಲ. ಕೊಕ್ಕೆಯ ಬಾಯಿ ಮುಚ್ಚಿದ ಕಾರ್ವಕ್ರಾಲೂ ಕೆಲಸಕ್ಕೆ ಬಾರದೆ ಹೋಯಿತು. ಆಮ್ಲಜನಕ ಜಲಜನಕಗಳ ಆ ಕೊಕ್ಕೆಯೇ ಆಯುಧ ಎಂದು ಇದರಿಂದ ಸ್ಥಿರವಾಯಿತು. 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಲಿಸ್ಟರ್ ಮಹಾಶಯರು ಗಾಯ ಕೊಳೆಯದಂತೆ ಬಳಸಿದ ಕಾರ್ಬಾಲಿಕ್ ಆಮ್ಲದಲ್ಲಿಯೂ ಇದೇ ಕೊಕ್ಕೆಯಿದೆ. ಅದು ಇವುಗಳ ದಾಯಾದಿ.

ತಟ್ಟೆ ಬೇರೆ, ದೇಹ ಬೇರೆ

ಇನ್ನು ಎರಡನೆಯ ಅರ್ಧಕ್ಕೆ ಬರೋಣ. ಗಾಜಿನ ತಟ್ಟೆಯಲ್ಲಿ ಎಣ್ಣೆಯೂ ಕ್ರಿಮಿಯೂ ಎದುರುಬದುರಾಗಿರುತ್ತವೆ. ಕಷಾಯ ಕುಡಿದವರ ಎದೆಯಲ್ಲಿ ಹಾಗಿಲ್ಲ. ನಾವು ಲೆಕ್ಕ ಬರೆಯುವವರಾದುದರಿಂದ ಒಂದು ಲೆಕ್ಕ ಹಾಕಿ ನೋಡಿದೆವು.

ಹತ್ತು ಎಲೆ 30 ಗ್ರಾಂ ತೂಗುತ್ತವೆಂದೂ ಅವುಗಳಲ್ಲಿ 100 ಮಿಲಿಗ್ರಾಂ ಎಣ್ಣೆ ಇದೆಯೆಂದೂ ಉದಾರವಾಗಿ ಇಟ್ಟುಕೊಳ್ಳೋಣ. ಅದೆಲ್ಲವೂ ಕಾರ್ವಕ್ರಾಲೇ ಎಂದೂ, ಒಂದು ತೊಟ್ಟೂ ನಷ್ಟವಾಗದೆ ದೇಹ ಸೇರಿತೆಂದೂ ಭಾವಿಸೋಣ. ವಯಸ್ಕರ ದೇಹದಲ್ಲಿ ಸುಮಾರು 40 ಲೀಟರ್ ನೀರಿದೆ. ಹಂಚಿದರೆ ಲೀಟರಿಗೆ ಎರಡೂವರೆ ಮಿಲಿಗ್ರಾಂ. ತಟ್ಟೆಯಲ್ಲಿ ಸಾಮಾನ್ಯವಾದ ಅನೇಕ ಬ್ಯಾಕ್ಟೀರಿಯಗಳನ್ನು ತಡೆಯಲು ಬೇಕಾಗುವುದು ಲೀಟರಿಗೆ ಸುಮಾರು 100ರಿಂದ 500 ಮಿಲಿಗ್ರಾಂ. ನಮ್ಮ ಕಷಾಯ ನಲವತ್ತರಿಂದ ಇನ್ನೂರು ಪಟ್ಟು ಕಡಿಮೆ ಬೀಳುತ್ತದೆ.

ಕೊರತೆ ಇಷ್ಟಕ್ಕೇ ಮುಗಿಯಲಿಲ್ಲ. ಜರ್ಮನಿಯಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಥೈಮಾಲ್ ಇರುವ ಔಷಧ ಕೊಟ್ಟು ಅವರ ರಕ್ತವನ್ನು ಪರೀಕ್ಷಿಸಿ ಅದನ್ನೂ 2002ರಲ್ಲಿಯೇ ಪ್ರಕಟಿಸಿದರು. ರಕ್ತದಲ್ಲಿ ಬಿಡಿ ಥೈಮಾಲ್ ಸಿಗಲೇ ಇಲ್ಲ. ಸಿಕ್ಕಿದ್ದು ಥೈಮಾಲ್ ಸಲ್ಫೇಟ್. ಅಂದರೆ ನಮ್ಮ ಕರುಳು ಮತ್ತು ಯಕೃತ್ತುಗಳು ಅದನ್ನು ಪರಕೀಯ ಪದಾರ್ಥವೆಂದು ತಿಳಿದು, ಅದರ ಕೊಕ್ಕೆಯ ಮೇಲೆಯೇ ಗಂಧಕದ ಒಂದು ತುಂಡನ್ನು ಅಂಟಿಸಿ, ಮೂತ್ರದ ದಾರಿಯಲ್ಲಿ ಹೊರಗೆ ಕಳುಹಿಸುವ ಸಿದ್ಧತೆ ಮಾಡಿಬಿಟ್ಟಿದ್ದವು. ಕ್ರಿಮಿಯನ್ನು ಕೊಲ್ಲುವ ಆಯುಧ ಯಾವುದೋ ಅದಕ್ಕೇ ದೇಹ ಒರೆ ತೊಡಿಸಿಬಿಡುತ್ತದೆ. ಕ್ರಿಮಿಯಿರುವ ಜಾಗಕ್ಕೆ ಅದು ತಲುಪುವ ಹೊತ್ತಿಗೆ ಹರಿತವಿರುವುದಿಲ್ಲ.

ಹಾಗಾದರೆ ಹೆಚ್ಚು ಪ್ರಮಾಣ ಕೊಟ್ಟರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಅದನ್ನೂ ಜಗತ್ತು ಮಾಡಿ ನೋಡಿದೆ. ಅಮೆರಿಕದ ದಕ್ಷಿಣ ಭಾಗದಲ್ಲಿ 1909ರಿಂದ ರಾಕ್‌ಫೆಲರ್ ಆಯೋಗದವರು ಕೊಕ್ಕೆಹುಳುವಿನ ಬೇನೆಗೆ ಥೈಮಾಲನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟು, ಆಮೇಲೆ ಭೇದಿಯುಪ್ಪು ಕೊಡುತ್ತಿದ್ದರು. ಹುಳು ಕರುಳಿನಲ್ಲೇ ಇರುವುದರಿಂದ ಅಲ್ಲಿ ಅದು ಕೆಲಸ ಮಾಡಿತು. ಆದರೆ ರೋಗಿ ಅಂದು ಎಣ್ಣೆಯನ್ನಾಗಲಿ ಮದ್ಯವನ್ನಾಗಲಿ ಮುಟ್ಟಕೂಡದೆಂದು ಕಟ್ಟುನಿಟ್ಟು ಮಾಡಿದ್ದರು. ಅವುಗಳಲ್ಲಿ ಕರಗಿ ಥೈಮಾಲ್ ರಕ್ತಕ್ಕೆ ಸೇರಿದರೆ ಮನುಷ್ಯನಿಗೇ ವಿಷವಾಗುತ್ತಿತ್ತು. ಕ್ರಿಮಿಯ ಪೊರೆಯೂ ಜಿಡ್ಡು, ನಮ್ಮ ಜೀವಕೋಶದ ಪೊರೆಯೂ ಜಿಡ್ಡು. ಕ್ಷೇಮಕರವಾದ ಔಷಧಗಳು ಬಂದ ಮೇಲೆ ಆ ಪದ್ಧತಿಯನ್ನು ಬಿಟ್ಟರು.

ಇದರಿಂದ ಎಲೆಯಲ್ಲಿ ಏನೂ ಇಲ್ಲವೆಂದಾಗಲಿಲ್ಲ. ಎಲೆಯಿಂದ ಔಷಧವಾಗುವುದಕ್ಕೆ ಒಂದು ದಾರಿಯುಂಟು. ಒಂದು ಒಳ್ಳೆಯ ಉದಾಹರಣೆ ಇದೆ. ಸಕ್ಕರೆ ರೋಗದವರ ಕಾಲಿನಲ್ಲಿ ಆರದೆ ಉಳಿಯುವ ಹುಣ್ಣುಗಳಿಗೆಂದು ತೈವಾನಿನಲ್ಲಿ ಒಂದು ಮುಲಾಮು ತಯಾರಿಸಿದ್ದಾರೆ. ಅದರಲ್ಲಿರುವುದು ಎರಡು ಸೊಪ್ಪುಗಳ ಸಾರ, ನಮ್ಮ ದೊಡ್ಡಪತ್ರೆ ಮತ್ತು ನಮ್ಮ ಒಂದೆಲಗ. 236 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2021ರಲ್ಲಿ ಪ್ರಕಟವಾಯಿತು. ಹದಿನಾರು ವಾರಗಳಲ್ಲಿ ಮುಲಾಮು ಹಚ್ಚಿದವರಲ್ಲಿ ನೂರಕ್ಕೆ 60.7 ಮಂದಿಯ ಹುಣ್ಣು ಪೂರ್ಣವಾಗಿ ಮಾಯಿತು. ಸಾಮಾನ್ಯ ಪಟ್ಟಿ ಕಟ್ಟಿಸಿಕೊಂಡವರಲ್ಲಿ 35.1 ಮಂದಿಯದು. ತಂಬುಳಿಯ ಎರಡು ಸೊಪ್ಪುಗಳಿಗೆ ಇದು ಸಣ್ಣ ಗೌರವವಲ್ಲ. ಆದರೆ ಅಲ್ಲಿ ಸಾರವನ್ನು ಅಳೆದು, ಶುದ್ಧಮಾಡಿ, ಗಾಯದ ಮೇಲೆಯೇ ಹಚ್ಚಿ, ಹಚ್ಚದವರೊಡನೆ ಹೋಲಿಸಿ ನೋಡಿದ್ದಾರೆ. ಇದನ್ನು ಓದಿ ಯಾರೂ ಡಬ್ಬದ ಹಸಿ ಎಲೆಯನ್ನು ಜಜ್ಜಿ ಹುಣ್ಣಿಗೆ ಕಟ್ಟಬಾರದು. ಎಲೆಯ ಮೇಲಿನ ಮಣ್ಣಿನಲ್ಲಿ ಧನುರ್ವಾಯುವಿನ ಕ್ರಿಮಿಯೂ ಇರಬಹುದು.

ಕೆಮ್ಮು ಒಂದೇ ಅಲ್ಲ

ನಮ್ಮ ಗೆಳೆಯರ ವಿಷಯದಲ್ಲಿ ನಾವು ಮಾಡಿದ ತಪ್ಪು ಎಲೆ ಕೊಟ್ಟದ್ದಲ್ಲ. ಎಲ್ಲ ಕೆಮ್ಮೂ ಒಂದೇ ಎಂದು ತಿಳಿದದ್ದು. ನಮ್ಮಂಥವರ ಕೋಣೆಗಳಲ್ಲಿ ಕೇಳಿಬರುವ ಕೆಮ್ಮಿನಲ್ಲಿ ಮೂರು ಬಗೆ ಮುಖ್ಯ.

ಮೊದಲನೆಯದು ನೆಗಡಿಯ ಕೆಮ್ಮು. ಇದು ವೈರಸ್ಸಿನಿಂದ ಬರುತ್ತದೆ, ಬಹುಮಟ್ಟಿಗೆ ತಾನಾಗಿಯೇ ಹೋಗುತ್ತದೆ. ಇಲ್ಲಿ ದೊಡ್ಡಪತ್ರೆಯ ಬಿಸಿ ಕಷಾಯ ಗಂಟಲಿಗೆ ಹಿತ ಕೊಡುತ್ತದೆ, ಘಾಟಿನಿಂದ ಮೂಗು ತೆರೆದಂತಾಗುತ್ತದೆ. ಅಷ್ಟು ಸಾಕು, ಕ್ರಿಮಿ ಕೊಲ್ಲುವ ಹೊಣೆಯನ್ನು ಎಲೆಯ ಮೇಲೆ ಹೊರಿಸಬೇಕಾಗಿಲ್ಲ.

ಎರಡನೆಯದು ಧೂಳಿನ ಕೆಮ್ಮು. ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ರಜೆಯ ಮರುದಿನ ಕೆಲಸಕ್ಕೆ ಹೋದಾಗ ಎದೆ ಬಿಗಿಯುತ್ತದೆ. ಬಿಸಿನೋಸಿಸ್ ಎಂಬ ಈ ಬೇನೆ ವೃತ್ತಿರೋಗಗಳ ಕಾನೂನಿನ ಪಟ್ಟಿಯಲ್ಲಿದೆ. ಇಂಥ ರೋಗಗಳ ಅಭ್ಯಾಸಕ್ಕಾಗಿಯೇ ಅಹಮದಾಬಾದಿನಲ್ಲಿ 1966ರಿಂದ ಒಂದು ರಾಷ್ಟ್ರೀಯ ಸಂಸ್ಥೆ ಇದೆ. ಇಲ್ಲಿ ಎದೆಯಲ್ಲಿ ಕೊಲ್ಲಬೇಕಾದ ಜೀವಂತ ಕ್ರಿಮಿಯೇ ಇಲ್ಲ. ಇರುವುದು ಧೂಳು ಮತ್ತು ಧೂಳಿನಲ್ಲಿರುವ ಕ್ರಿಮಿಗಳ ಅವಶೇಷ. ಯಾವ ಕ್ರಿಮಿನಾಶಕವೂ ಅದಕ್ಕೆ ಮದ್ದಾಗುವುದಿಲ್ಲ. ಮೂಗಿಗೆ ಕಟ್ಟುವ ಸರಿಯಾದ ಪಟ್ಟಿ, ಗಾಳಿಯ ಏರ್ಪಾಡು, ಖಾತೆಯ ಬದಲಾವಣೆ, ವೈದ್ಯರ ತಪಾಸಣೆ, ಇವೇ ದಾರಿ. ಇಎಸ್‌ಐ ಚೀಟಿ ಇರುವವರು ಅದರ ದವಾಖಾನೆಗೆ ಹೋಗಿ ತಮ್ಮ ಕೆಲಸ ಎಂಥದೆಂದು ವೈದ್ಯರಿಗೆ ಹೇಳಬೇಕು.

ಮೂರನೆಯದು ಕ್ಷಯ. 1882ರಲ್ಲಿ ಕಾಕ್ ಮಹಾಶಯರು ಕಂಡುಹಿಡಿದ ಇದರ ಕ್ರಿಮಿಗೆ ಮೇಣದಂಥ ದಪ್ಪ ಹೊದಿಕೆಯುಂಟು. ಅದು ಶ್ವಾಸಕೋಶದ ಆಳದಲ್ಲಿ, ನಮ್ಮ ರಕ್ಷಣೆಗೆಂದಿರುವ ಜೀವಕೋಶಗಳ ಒಳಗೇ ಅವಿತಿರುತ್ತದೆ. ಒಂದೇ ಔಷಧ ಕೊಟ್ಟರೆ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಆದುದರಿಂದ ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು ಔಷಧ ಕೊಡುತ್ತಾರೆ. ಔಷಧಕ್ಕೆ ಒಗ್ಗಿದ ಕ್ಷಯವಾದರೆ ಕ್ರಮ ಬೇರೆ. ಇಂಥ ಶತ್ರುವಿನ ಎದುರಿಗೆ ಒಂದು ಲೋಟ ಕಷಾಯದಿಂದ ಏನಾದೀತೆಂದು ವಾಚಕರೇ ಊಹಿಸಬಹುದು. ಕಷಾಯದಿಂದ ಗಂಟಲಿಗೆ ಸ್ವಲ್ಪ ಹಿತವಾಗುತ್ತದೆ. ಆ ಹಿತದಿಂದಲೇ ಮನುಷ್ಯ ಮೋಸಹೋಗುತ್ತಾನೆ. ನಮ್ಮ ಗೆಳೆಯರು ಪ್ರತಿ ವಾರವೂ, "ಈಗ ಬರೋಬ್ಬರಿ ಆಗೇದ್ರಿ" ಎಂದೇ ಹೇಳುತ್ತಿದ್ದರು.

ಮಾಡಬೇಕಾದದ್ದು

ಎಲೆಯ ವಿಷಯ ಮೊದಲು. ಕಷಾಯವನ್ನು ತೆರೆದ ಪಾತ್ರೆಯಲ್ಲಿ ಬಹಳ ಹೊತ್ತು ಕುದಿಸಬಾರದು. ಕೋಣೆಯ ತುಂಬ ಘಾಟು ಹರಡಿತೆಂದರೆ ಎಣ್ಣೆ ಹಬೆಯೊಡನೆ ಹೋಯಿತೆಂದೇ ಅರ್ಥ. ಕುದಿದ ನೀರಿಗೆ ಎಲೆ ಹಾಕಿ ಮುಚ್ಚಿಡುವುದು ಲೇಸು. ತಂಬುಳಿಗೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ತೆಂಗಿನಕಾಯಿಯೊಡನೆ ಅರೆದು ಮಜ್ಜಿಗೆಗೆ ಬೆರೆಸುತ್ತಾರೆ. ತುಪ್ಪ ಮತ್ತು ಕಾಯಿಯ ಜಿಡ್ಡು ಆ ಎಣ್ಣೆಯನ್ನು ಹಿಡಿದಿಡುತ್ತದೆ. ನಮ್ಮ ತಾಯಂದಿರ ಕ್ರಮ ರಸಾಯನಶಾಸ್ತ್ರಕ್ಕೂ ಒಪ್ಪುವಂಥದೇ. ಊಟದ ಪದಾರ್ಥವಾಗಿ ಸೊಪ್ಪನ್ನು ಧಾರಾಳವಾಗಿ ಬಳಸಬಹುದು. ಆದರೆ ಭಟ್ಟಿ ಇಳಿಸಿದ ಎಣ್ಣೆಯನ್ನು, ಓಮದ ಹೂವನ್ನು, ಕರ್ಪೂರವನ್ನು ಎಳೆಯ ಮಕ್ಕಳಿಗೆ ನೆಕ್ಕಿಸುವುದಾಗಲಿ ಮೂಗಿಗೆ ಹಚ್ಚುವುದಾಗಲಿ ಅಪಾಯ. ತಂಗಳನ್ನಕ್ಕೆ ದೊಡ್ಡಪತ್ರೆ ಚಟ್ನಿ ಕಲಸಿದರೆ ಕ್ರಿಮಿ ಸಾಯುತ್ತದೆಂದು ಯಾರೂ ನಂಬಬಾರದು. ಅನ್ನದ ಜಿಡ್ಡು ಪಿಷ್ಟಗಳ ನಡುವೆ ಎಣ್ಣೆಯ ಶಕ್ತಿ ಕುಗ್ಗುತ್ತದೆ. ಕ್ರಿಮಿ ಆಗಲೇ ಉಗುಳಿದ ನಂಜು ಕಾಯಿಸಿದರೂ ಹೋಗುವುದಿಲ್ಲ.

ಕೆಮ್ಮಿನ ವಿಷಯದಲ್ಲಿ ನಿಯಮ ಒಂದೇ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಎರಡು ವಾರವನ್ನೂ ಕಾಯಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ. ವಡೋದರೆಯವರಿಗೆ ಸಯಾಜಿ ಆಸ್ಪತ್ರೆ ಹತ್ತಿರದಲ್ಲಿಯೇ ಇದೆ. ಪೌಷ್ಟಿಕ ಆಹಾರಕ್ಕೆಂದು 2018ರಲ್ಲಿ ಆರಂಭವಾದ ಯೋಜನೆಯಲ್ಲಿ ರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು; 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಿದ್ದಾರೆ. ನಮ್ಮವರು ಮುಖ್ಯವಾಗಿ ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಔಷಧದ ನಡುವೆ ಊರಿಗೆ ಹೋಗಬೇಕಾದರೆ ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ. 'ನಿಕ್ಷಯ್' ಎಂಬ ದಾಖಲೆಯಲ್ಲಿ ಪ್ರತಿಯೊಬ್ಬ ರೋಗಿಗೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಹೊರಡುವ ಮೊದಲು ಇಲ್ಲಿ ತಿಳಿಸಿ, ಆ ಸಂಖ್ಯೆಯನ್ನು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರೆ ಔಷಧ ಅಲ್ಲಿಯೇ ಮುಂದುವರಿಯುತ್ತದೆ.

ಕೋಣೆಯ ಗೆಳೆಯರಲ್ಲಿ ಒಂದು ವಿಜ್ಞಾಪನೆ. ನಮ್ಮ ವಿಜಾಪುರದ ಗೆಳೆಯರು ಆಸ್ಪತ್ರೆಗೆ ಹೋಗದೆ ಉಳಿದದ್ದು ಎಲೆಯ ಮೇಲಿನ ನಂಬಿಕೆಯೊಂದರಿಂದಲೇ ಅಲ್ಲ. ಕ್ಷಯವೆಂದು ತಿಳಿದರೆ ಕೋಣೆ ಹೋಗುತ್ತದೆ, ಕೂಲಿ ಹೋಗುತ್ತದೆ ಎಂಬ ಹೆದರಿಕೆಯೂ ಇತ್ತೆಂದು ಆಮೇಲೆ ಹೇಳಿದರು. ಸರಿಯಾದ ಔಷಧ ಆರಂಭವಾದ ಮೇಲೆ ರೋಗ ಹರಡುವ ಭಯ ಬೇಗ ಕಡಿಮೆಯಾಗುತ್ತದೆ. ಹೆಚ್ಚು ಅಪಾಯವಿರುವುದು ಮುಚ್ಚಿಟ್ಟು ಕೆಮ್ಮುವವರಿಂದ, ಔಷಧ ತೆಗೆದುಕೊಳ್ಳುವವರಿಂದಲ್ಲ. ಆದುದರಿಂದ ಯಾರನ್ನೂ ಕೋಣೆಯಿಂದ ಹೊರಗೆ ಹಾಕುವ ಮಾತಾಡದೆ ಆಸ್ಪತ್ರೆಗೆ ಜೊತೆಯಾಗಿ ಹೋಗಬೇಕು. ಭಾಷೆ ಬಾರದವರೊಡನೆ ಬರಲು ವಾಚನಾಲಯದ ಸ್ವಯಂಸೇವಕರು ಸಿದ್ಧರಿದ್ದೇವೆ. ಸಂಜೆ ಬಂದು ಹೇಳಿದರೆ ಸಾಕು.

ದೊಡ್ಡಪತ್ರೆಯ ಡಬ್ಬ ಇದ್ದಲ್ಲಿಯೇ ಇದೆ. ಮಳೆ ಬಿದ್ದ ಮೇಲೆ ಇನ್ನೆರಡು ಡಬ್ಬಗಳಲ್ಲಿ ನೆಡಬೇಕೆಂದಿದ್ದೇವೆ. ಬೇಕಾದವರು ಮೊದಲಿನಂತೆ ಬಂದು ಚಿವುಟಿಕೊಳ್ಳಬಹುದು. ಆದರೆ ಕೆಮ್ಮಿಗೆಂದು ಎಲೆ ಕೇಳಿದವರನ್ನು, ಕೆಮ್ಮು ಎಷ್ಟು ದಿನದಿಂದ ಇದೆ ಎಂದು ನಾವು ಇನ್ನು ಮುಂದೆ ಕೇಳುತ್ತೇವೆ. ಬಂಧುಗಳು ಬೇಸರಪಟ್ಟುಕೊಳ್ಳಬಾರದು.